ಫಾರ್ಮಿನ ಮೂರನೇ ಸಾಲು

ಹಂದಿಜ್ವರದ ವರ್ಷ ನಮ್ಮಮ್ಮ ಪ್ರಪಂಚಕ್ಕೆ ಪಾಠ ಹೇಳುವ ಕೆಲಸದಲ್ಲಿದ್ದಳು. ಸ್ಕೂಲ್ ಬಸ್ಸಿನಲ್ಲಿ ನಾನು ಹೇಳಿಕೊಂಡಿದ್ದು ಹಾಗೆ. ನಿಜ ಹೇಳಬೇಕೆಂದರೆ ಅವಳು ಕೌಂಟಿಯ, ಅಂದರೆ ಇಲ್ಲಿನ ಜಿಲ್ಲೆಯ, ಆರೋಗ್ಯ ಇಲಾಖೆಯಲ್ಲಿ ನರ್ಸ್. ಲಸಿಕೆ ಹಾಕುವುದರ ಜೊತೆಗೆ ‘ಕಲಿತ ಪಾಠಗಳು’ ಎಂಬ ವರದಿಗೆ ಎರಡು ಪುಟ ಬರೆದುಕೊಡಬೇಕಿತ್ತು. ಆ ಎರಡು ಪುಟ ರಾಜ್ಯಕ್ಕೆ ಹೋಗಿ, ಅಲ್ಲಿಂದ ವಾಷಿಂಗ್ಟನ್‌ಗೆ ಹೋಗಿ, ಮುಂದೆ ಇಂಥದ್ದೇ ರೋಗ ಬಂದಾಗ ಬೇರೆ ದೇಶದವರೂ ಓದಬಹುದಂತೆ. ನಾನು ಅದಕ್ಕೆ ಸ್ವಲ್ಪ ಒಗ್ಗರಣೆ ಹಾಕಿ, ಫ್ರಾನ್ಸ್‌ನವರು ದಿನಾ ಬೆಳಗ್ಗೆ ಅಮ್ಮನಿಗೆ ಫೋನ್ ಮಾಡುತ್ತಾರೆ ಎಂದಿದ್ದೆ.

ಆದರೆ ಫೋನ್ ಎತ್ತಲೂ ಅಲ್ಲಿ ಜನ ಇರಲಿಲ್ಲ. ರಿಸೆಷನ್ ಎಂದು ಅರ್ಧ ನರ್ಸುಗಳನ್ನು ಮನೆಗೆ ಕಳಿಸಿದ್ದರು. ಉಳಿದವರಿಗೆ ಶುಕ್ರವಾರ ಸಂಬಳವಿಲ್ಲದ ರಜೆ. ಈ ವಿಷಯವನ್ನು ವೈರಸ್ಸಿಗೆ ಯಾರೂ ತಿಳಿಸಿರಲಿಲ್ಲ, ಅದು ಪಾಪ ಶುಕ್ರವಾರವೂ ಡ್ಯೂಟಿ ಮಾಡುತ್ತಿತ್ತು. ಜನ ಲಸಿಕೆ ಲಸಿಕೆ ಎಂದು ಬಡಿದುಕೊಂಡಾಗ ಲಸಿಕೆ ಬರಲಿಲ್ಲ. ಪೆಟ್ಟಿಗೆಗಟ್ಟಲೆ ಬಂದು ಬಿದ್ದಾಗ ಜನ ಬರಲಿಲ್ಲ.

ಅಪ್ಪನಿಗೆ ಕಾರಿನ ಬಿಡಿಭಾಗದ ಕಂಪನಿಯಲ್ಲಿ ಕೆಲಸ ಹೋಗಿ, ಬೇರೆ ರಾಜ್ಯದ ಶಾಮ್‌ಬರ್ಗ್‌ನಲ್ಲಿ ಕಾಂಟ್ರಾಕ್ಟ್ ಸಿಕ್ಕಿತ್ತು. ಹದಿನೈದು ದಿನಕ್ಕೊಮ್ಮೆ ಐದು ಗಂಟೆ ಡ್ರೈವ್ ಮಾಡಿಕೊಂಡು, ಆ ಕಡೆಯ ಇಂಡಿಯನ್ ಅಂಗಡಿಗಳ ಬೀದಿ ಡೆವನ್ ಅವೆನ್ಯೂವಿನ ಕರಿಬೇವಿನ ಕಟ್ಟಿನೊಂದಿಗೆ ಬರುತ್ತಿದ್ದರು. ಅವರಿಗಿಂತ ಕರಿಬೇವು ನಮ್ಮ ಮನೆಯಲ್ಲಿ ಹೆಚ್ಚು ದಿನ ಇರುತ್ತಿತ್ತು. ಅಮ್ಮ ಯಾವುದಾದರೂ ಸ್ಕೂಲಿನ ಜಿಮ್ಮಿನಲ್ಲಿ ಸೂಜಿ ಹಿಡಿದು ನಿಂತಿರುತ್ತಿದ್ದಳು. ನಮ್ಮೂರು ಕ್ಯಾಂಟನ್‌ನ ಆ ನಾಲ್ಕು ಬೆಡ್‌ರೂಮ್ ಮನೆಯಲ್ಲಿ ನನ್ನ ಮಾತಿಗೆ ಹೂಂಗುಟ್ಟುತ್ತಿದ್ದುದು ಡಿಶ್‌ವಾಷರ್ ಒಂದೇ. ಅದೂ ಪಾತ್ರೆ ತುಂಬಿದ ದಿನ ಮಾತ್ರ.

ಹಾಗಾಗಿ ಸ್ಕೂಲ್ ಮುಗಿದ ಮೇಲೆ ನಾನು ಲೈಬ್ರರಿಗೆ ಹೋಗುತ್ತಿದ್ದೆ. ಅಲ್ಲೇ ನನ್ನ ಗೆಳತಿಯ ಅಪ್ಪ ಸಿಕ್ಕಿದ್ದು.

ಗೆಳತಿ ಎಂದರೆ ನನಗಿದ್ದವಳು ಅವಳೊಬ್ಬಳೇ. ಮೂರನೇ ಕ್ಲಾಸಿನಿಂದ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು. ಅವಳಿಗೆ ಆಸ್ತಮಾ. ಮೆಟ್ಟಿಲು ಹತ್ತಿದರೆ ಎದೆಯೊಳಗೆ ಯಾರೋ ಹಾರ್ಮೋನಿಯಂ ಬಾರಿಸಿದಂತೆ ಕೇಳುತ್ತಿತ್ತು. ಲಸಿಕೆ ಮೊದಲು ಬೇಕಾದವರ ಪಟ್ಟಿಯಲ್ಲಿ ಇಂಥ ಮಕ್ಕಳೂ ಇದ್ದರು.

ಅವಳಪ್ಪ ಹುಬ್ಬಳ್ಳಿ ಕಡೆಯವರು. ಮಧ್ಯಾಹ್ನ ಮೂರೂವರೆಗೆ ಟೈ ಕಟ್ಟಿಕೊಂಡು, ಲ್ಯಾಪ್‌ಟಾಪ್ ಬ್ಯಾಗು, ಡಬ್ಬಿ ಪಕ್ಕದಲ್ಲಿಟ್ಟುಕೊಂಡು ತೋಟಗಾರಿಕೆಯ ಪತ್ರಿಕೆ ಓದುತ್ತಿದ್ದರು. ನನ್ನನ್ನು ಕಂಡೊಡನೆ ಪತ್ರಿಕೆ ಮುಖದವರೆಗೆ ಏರಿತು. ಮರುದಿನವೂ ಇದ್ದರು, ಅದರ ಮರುದಿನವೂ. ನನಗೆ ಅರ್ಥವಾಯಿತು. ಅಪ್ಪನ ಕೆಲಸ ಹೋದಾಗಲೂ ನಮ್ಮ ಮನೆಯಲ್ಲಿ ‘ಯಾರಿಗೂ ಹೇಳ್ಬೇಡ’ ಎಂದಿದ್ದರು. ನಾನು ಹೇಳಿರಲಿಲ್ಲ.

ಇದನ್ನು ಮಾತ್ರ ಊರಿನ ಕನ್ನಡ ಸಂಘದ ದೀಪಾವಳಿ ಸ್ಟೇಜಿಗೆ ಹತ್ತಿಸಿಬಿಟ್ಟೆ.

ಹೆಸರು ಹೇಳಲಿಲ್ಲ. ‘ಆಫೀಸ್ ಅಂಕಲ್’ ಎಂದೆ. ಅಪ್ಪನ ಟೈ ಕಟ್ಟಿಕೊಂಡು, ಟೊಮ್ಯಾಟೊ ಬೆಳೆಯುವುದು ಹೇಗೆ ಎಂದು ಲೈಬ್ರರಿಯ ಪತ್ರಿಕೆಯ ಹಿಂದಿನಿಂದ ಅವರದೇ ಹುಬ್ಬಳ್ಳಿ ಮಾತಿನಲ್ಲಿ ಕಾನ್ಫರೆನ್ಸ್ ಕಾಲ್ ಮಾಡಿದೆ. ಹಾಲ್ ಎಷ್ಟು ನಕ್ಕಿತೆಂದರೆ ಒಬ್ಬ ಆಂಟಿಯ ಬಿಸಿಬೇಳೆ ಬಾತ್ ಮೂಗಿಗೇರಿತು. ನನ್ನ ಜೀವನದಲ್ಲಿ ಅಷ್ಟೊಂದು ಜನ ಒಟ್ಟಿಗೆ ನನ್ನ ಮಾತು ಕೇಳಿದ್ದು ಅದೇ ಮೊದಲು.

ಇಳಿದು ಬಂದಾಗ ನಿಜವಾದ ಅಂಕಲ್, ಗೆಳತಿಯ ಅಪ್ಪ, ಕೈಯಲ್ಲಿ ಪೇಪರ್ ಪ್ಲೇಟು ಹಿಡಿದು ನಿಂತಿದ್ದರು.

“ಛಂದ ಮಾಡಿದಿ ಬಿಡವಾ ತಂಗಿ,” ಎಂದರು. “ಆದ್ರ ಟೈ ಗಂಟು ತಪ್ಪಿತ್ತ ನೋಡು. ಹಂಗ ಕಟ್ಟಿದ್ರ ಸಂಜಿತನಕಾ ನಿಲ್ಲಂಗಿಲ್ಲ.”

ಸೋಮವಾರ ಬಸ್ಸಿನಲ್ಲಿ ಗೆಳತಿ ನನ್ನ ಸೀಟಿನ ಹತ್ತಿರ ಒಂದು ಕ್ಷಣ ನಿಂತಳು. “ವಿ ಡಿಡಂಟ್ ನೋ,” ಎಂದಳು. ಅವಳಪ್ಪನ ಕೆಲಸ ಹೋಗಿದ್ದು ಮನೆಯವರಿಗೂ ಗೊತ್ತಿರಲಿಲ್ಲ. ಆಮೇಲೆ ಮುಂದೆ ಹೋಗಿ ಡ್ರೈವರ್ ಹಿಂದೆ ಕೂತಳು. ಪಕ್ಕದ ಸೀಟಿನಲ್ಲಿ ನನ್ನ ಬ್ಯಾಗನ್ನು ಕೂರಿಸಿಕೊಂಡೆ. ಬ್ಯಾಗಿಗೆ ಜೋಕ್ ಅರ್ಥವಾಗುತ್ತಿರಲಿಲ್ಲ.

ಡಿಸೆಂಬರಿನಲ್ಲಿ ಅಮ್ಮ ಸಂಘದವರಿಗೆಂದೇ ಒಂದು ಲಸಿಕೆ ಶಿಬಿರ ಇಟ್ಟಳು. ಹೆಸರು ಬರೆಯುವ ಹಾಳೆ ಎಲ್ಲರೂ ಮನೆಯ ಅಡುಗೆ ತಂದು ಸೇರುವ ಪಾಟ್‌ಲಕ್ ಟೇಬಲ್ ಸುತ್ತಿ ಬಂತು. ನಮ್ಮವರು ಯಾರ ಮುಖಕ್ಕೂ ‘ಇಲ್ಲ’ ಎನ್ನುವವರಲ್ಲ. ಒಬ್ಬರು ಬರೆದರೆಂದು ಇನ್ನೊಬ್ಬರು, ಮುಂಭಾಗ ತುಂಬಿ ಹಿಂಭಾಗ, ಅದೂ ತುಂಬಿ ಚಟ್ನಿ ಕಲೆಯ ಮೇಲೂ ಒಬ್ಬರು. ಅಮ್ಮ ಅದನ್ನು ನಂಬಿ ಅಷ್ಟೂ ಡೋಸ್ ತರಿಸಿದಳು. ತುಂಬಿ ತರಬೇಕಾದ ಫಾರ್ಮನ್ನು ಎಲ್ಲರಿಗೂ ಇಮೇಲ್ ಮಾಡಿ, ನೋಂದಣಿ ಟೇಬಲ್ಲಿನಲ್ಲಿ ನನ್ನನ್ನು ಕೂರಿಸುತ್ತೇನೆ ಎಂದೂ ಬರೆದಳು. ಪರಿಚಯದ ಮುಖ, ಕನ್ನಡ ಬರುತ್ತೆ, ಜನಕ್ಕೆ ಧೈರ್ಯ ಎಂದು.

ಹನ್ನೊಂದು ಜನ ಬಂದರು. ಅದರಲ್ಲಿ ನಾಲ್ವರು ಕಾಫಿಗೆ. ಗೆಳತಿ ಬರಲಿಲ್ಲ.

ಅಮ್ಮ ಮನೆಮನೆಗೆ ಫೋನ್ ಮಾಡಿದಳು. “ಅಯ್ಯೋ, ಅವತ್ತೇ ಗೆಸ್ಟ್ ಬಂದ್ಬಿಟ್ರು ಕಣ್ರೀ.” ಎಲ್ಲರದೂ ಅದೇ. ಎಲ್ಲರ ಮನೆಗೂ ಗೆಸ್ಟ್ ಬಂದಿದ್ದರೆ ಆ ಗೆಸ್ಟುಗಳು ಎಲ್ಲಿಂದ ಬಂದವರು ಎಂದು ಅಮ್ಮ ಕೇಳಲಿಲ್ಲ. ಗೆಳತಿಯ ಮನೆಯವರು ಫೋನೇ ಎತ್ತಲಿಲ್ಲ. ಅವಳಪ್ಪನ ಕೆಲಸದ ಜೊತೆ ಇನ್ಶೂರೆನ್ಸೂ ಹೋಗಿತ್ತು, ಅವಳ ಮಾಮೂಲಿ ಡಾಕ್ಟರೂ ಹೋಗಿದ್ದರು. ಉಳಿದಿದ್ದು ಅಮ್ಮನ ಶಿಬಿರ.

ಅಮ್ಮ ಡೈನಿಂಗ್ ಟೇಬಲ್ಲಿನಲ್ಲಿ ವರದಿಗೆ ಕೂತಳು. ‘ಈ ಸಮುದಾಯದಲ್ಲಿ ಲಸಿಕೆಯ ಬಗ್ಗೆ ಅರಿವು ಕಡಿಮೆ’ ಎಂದು ಟೈಪ್ ಮಾಡಿದಳು. ಆ ಸಂಘದಲ್ಲಿ ಕಲ್ಲೆಸೆದರೆ ಯಾರಾದರೊಬ್ಬ ಡಾಕ್ಟರಿಗೆ ತಾಗುತ್ತದೆ.

“ಅಮ್ಮ, ಇಟ್ಸ್ ದ ಫಾರ್ಮ್,” ಎಂದೆ.

“ಫಾರ್ಮಿಗೇನಾಗಿದೆ?”

“ಮೂರನೇ ಸಾಲು ನೋಡು.”

ಹೆಸರು, ಹುಟ್ಟಿದ ದಿನ, ಅದರ ಕೆಳಗೆ: ಯಾವ ಕಂಪನಿಯಲ್ಲಿ ಕೆಲಸ. ಆ ವರ್ಷ ಅದನ್ನು ತುಂಬಲಾಗದವರು ಸಂಘದಲ್ಲಿ ಅಂಕಲ್ ಒಬ್ಬರೇ ಇರಲಿಲ್ಲ.

“ಇದು ಹಳೇ ಫಾರ್ಮ್ ಕಣೇ. ಲಸಿಕೆ ಫ್ರೀ. ಆ ಸಾಲು ಯಾಕಿದೆ ಅಂತ ನಂಗೇ ಗೊತ್ತಿಲ್ಲ.”

“ಅದನ್ನ ಬರ್ದು ಕೊಡ್ಬೇಕಾಗಿದ್ದು ಯಾರ ಕೈಗೆ?”

ಅಮ್ಮ ನನ್ನ ಮುಖ ನೋಡಿದಳು. ದೀಪಾವಳಿಯ ದಿನ ಅವಳು ಬೇರೊಂದು ಶಿಬಿರದಲ್ಲಿದ್ದಳು, ನನ್ನ ನಾಟಕ ನೋಡಿರಲಿಲ್ಲ. ಎಲ್ಲವನ್ನೂ ಹೇಳಿದೆ. ನಗು ಬರುವ ಜಾಗಗಳನ್ನು ಬಿಟ್ಟು ಹೇಳಿದರೆ ಅದು ಎರಡೇ ನಿಮಿಷದ ಕತೆ.

“ನಿಮ್ಮಪ್ಪಂದು ಯಾರಿಗೂ ಹೇಳ್ಲಿಲ್ಲ ನೀನು,” ಎಂದಳು ಅಮ್ಮ.

“ಇಲ್ಲ.”

“ಅದು ನಿಂಗೆ ತಮಾಷೆ ಅನ್ನಿಸ್ಲಿಲ್ಲ.”

ಅವಳು ಎದ್ದು ಕಪ್ಪು ಮಾರ್ಕರ್ ಎರಡು ತಂದಳು. ಉಳಿದ ಫಾರ್ಮುಗಳ ಕಟ್ಟನ್ನು ಇಬ್ಬರೂ ಹಂಚಿಕೊಂಡು ಮೂರನೇ ಸಾಲಿನ ಮೇಲೆ ಮಸಿ ಎಳೆಯುತ್ತಾ ಕೂತೆವು. ಅಮ್ಮ ಅಷ್ಟು ಹೊತ್ತು ನನ್ನ ಜೊತೆ ಕೂತು ಬಹಳ ತಿಂಗಳಾಗಿತ್ತು. ಮಾರ್ಕರಿನ ವಾಸನೆಗೆ ತಲೆ ತಿರುಗುತ್ತಿತ್ತು, ಆದರೂ ಫಾರ್ಮು ಮುಗಿಯದಿರಲಿ ಅನ್ನಿಸುತ್ತಿತ್ತು.

ಜನವರಿಯಲ್ಲಿ ಎರಡನೇ ಶಿಬಿರ. ಕೆಲಸ, ಇನ್ಶೂರೆನ್ಸ್ ಏನೂ ಕೇಳುವುದಿಲ್ಲ ಎಂದು ಅಮ್ಮ ಎಲ್ಲರಿಗೂ ಇಮೇಲ್ ಕಳಿಸಿದಳು. ಟೇಬಲ್ಲಿನಲ್ಲಿ ಬೇರೆ ಊರಿನ ನರ್ಸ್ ಒಬ್ಬಳು ಕೂತಿದ್ದಳು. ಅವಳಿಗೆ ನಮ್ಮ ಹೆಸರುಗಳನ್ನು ಓದಲೂ ಬರುತ್ತಿರಲಿಲ್ಲ. ಜನಕ್ಕೆ ಅದೇ ಬೇಕಾಗಿತ್ತೆಂದು ಕಾಣುತ್ತದೆ, ಸಾಲು ಬಾಗಿಲಾಚೆಗೂ ಬಂತು. ನನ್ನನ್ನು ಪಾರ್ಕಿಂಗ್ ಲಾಟಿಗೆ ಹಾಕಿದರು, ಬಾಣದ ಗುರುತಿನ ಬೋರ್ಡ್ ಹಿಡಿದುಕೊಂಡು ನಿಲ್ಲಲು. ಇಲ್ಲಿನ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಹನ್ನೆರಡು ಡಿಗ್ರಿ, ನೀರು ಕಲ್ಲಾಗುವ ಚಳಿ. ನನ್ನ ಮೂಗು ನನ್ನದು ಹೌದೋ ಅಲ್ಲವೋ ಎಂದು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಮೂರು ಗಂಟೆಗೆ ಅವರ ವ್ಯಾನ್ ಬಂತು. ಅಂಕಲ್ ಕಿಟಕಿ ಇಳಿಸಿದರು. ಟೈ ಇರಲಿಲ್ಲ, ಸ್ವೆಟರ್ ಹಾಕಿದ್ದರು.

“ಎಲ್ಲಿ ನಿಲ್ಲಸ್ಲಿ ತಂಗಿ?”

“ಅಲ್ಲಿ, ಅಂಕಲ್. ಬಾಗಿಲ ಹತ್ರ.” ಸಾರಿ ಎನ್ನಲು ಬಾಯಿ ತೆರೆದೆ, ಉಸಿರಿನ ಹೊಗೆ ಮಾತ್ರ ಬಂತು.

“ಇಷ್ಟ ಥಂಡ್ಯಾಗ ಹೊರಗ್ಯಾಕ ನಿಂತೀದಿ? ಒಳಗ ಹೋಗಬಾರದಾ?”

“ನಂಗೆ ಇಲ್ಲೇ ಡ್ಯೂಟಿ.”

ಗೆಳತಿ ಹಿಂದಿನ ಸೀಟಿನಲ್ಲಿ ಮುಂದೆ ನೋಡುತ್ತಾ ಕೂತಿದ್ದಳು. ಅರ್ಧ ಗಂಟೆಯಾದ ಮೇಲೆ ತೋಳು ಉಜ್ಜಿಕೊಳ್ಳುತ್ತಾ ಹೊರಗೆ ಬಂದಳು.

“ನೋವಾಯ್ತಾ?” ಎಂದೆ.

“ನಾಟ್ ರಿಯಲಿ,” ಎಂದು ವ್ಯಾನ್ ಹತ್ತಿದಳು.

ವರದಿಯನ್ನು ಅಮ್ಮ ತಿದ್ದಿದಳು. ಅರಿವು ಕಡಿಮೆ ಎಂಬ ಸಾಲು ಹೋಯಿತು. ಬೇಡದ್ದನ್ನು ಕೇಳಬೇಡಿ, ನೋಂದಣಿಗೆ ಪರಿಚಯದವರನ್ನು ಕೂರಿಸಬೇಡಿ ಎಂದು ಸೇರಿತು.

“ಇದನ್ನ ಫ್ರಾನ್ಸ್‌ನವ್ರು ಓದ್ತಾರಾ?”

“ಓದ್ಲಿ ಬಿಡು. ನಿನ್ನ ಹೆಸ್ರು ಹಾಕಿಲ್ಲ.”

ಭಾನುವಾರ ಅಪ್ಪ ಶಾಮ್‌ಬರ್ಗ್‌ನಿಂದ ಫೋನ್ ಮಾಡಿದರು. “ಹೇಗಾಯ್ತು ಪುಟ್ಟಿ ಕ್ಯಾಂಪು? ಹೇಳು ಹೇಳು,” ಎಂದು, ಎಂದಿನಂತೆ ನಗಲು ತಯಾರಾಗಿ ಕೂತರು. ಅವರ ಅಪಾರ್ಟ್‌ಮೆಂಟಿನ ಹೀಟರ್ ಗುಯ್ಯೆನ್ನುವುದು ಕೇಳುತ್ತಿತ್ತು.

“ಅವಳು ಬಂದಿದ್ಲು,” ಎಂದೆ.

ಅಪ್ಪ ಕಾದರು. ಈ ಸಲ ನಾನು ಒಗ್ಗರಣೆ ಹಾಕಲಿಲ್ಲ.