ಆ ದಿನ ಹಿಡಿದದ್ದು ಯಾವ ಹಗ್ಗ

ಬೆಳಗ್ಗೆ ಎದ್ದು ಫೋನ್ ನೋಡಿದರೆ ಅದೇ ಪ್ರಶ್ನೆಗಳು. ಬಂಡೆ ಹತ್ತುವ ಶೂ ಎಷ್ಟು ಬಿಗಿಯಾಗಿರಬೇಕು? ಹತ್ತುವ ಮುಂಚೆ ಏನು ತಿನ್ನಬೇಕು? ಯಲಹಂಕದಿಂದ ಬಂಡೆಯ ಹತ್ತಿರಕ್ಕೆ ಬಸ್ಸಿದೆಯೇ? ಹಿಮಾಲಯದ ಕಡೆ ಹೋಗುವವರಿಗೆ ಒಂದು ಜಾಕೆಟ್ ಸಾಕೇ?

ನಮ್ಮ ಬಂಡೆ ಹತ್ತುವವರ ವಾಟ್ಸಾಪ್ ಗುಂಪಿನಲ್ಲಿ ಇಂಥದ್ದಕ್ಕೆಲ್ಲ ಉತ್ತರ ಕೊಡುವ ಕೆಲಸ ಹೇಗೋ ನನ್ನ ಪಾಲಿಗೆ ಬಂದಿದೆ. ಯಾರೂ ನೇಮಿಸಿದ್ದಲ್ಲ. ಮೊದಮೊದಲು ಉದ್ದುದ್ದ ಬರೆಯುತ್ತಿದ್ದೆ. ಈಗ ಹಲ್ಲುಜ್ಜುತ್ತ ಒಂದೇ ಬೆರಳಲ್ಲಿ ಒತ್ತುತ್ತೇನೆ. ಶೂವನ್ನು ಸಂಜೆ ಕೊಳ್ಳಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಮಸಾಲೆ ದೋಸೆ ಬಂಡೆ ಇಳಿದ ಮೇಲಿರಲಿ. ಹತ್ತುವ ಮುಂಚೆ ಬಾಳೆಹಣ್ಣು, ಒಂದು ಹಿಡಿ ಹುರಿಗಡಲೆ, ಚೂರು ಬೆಲ್ಲ ಸಾಕು. ನೀರಿಗೆ ನಿಂಬೆ ಹಿಂಡಿ, ಉಪ್ಪು ಹಾಕಿ. ದೊಡ್ಡಬಳ್ಳಾಪುರದ ಕಡೆಯ ಬಸ್ಸು ಹತ್ತಿ, ರಾಜಾನುಕುಂಟೆ ದಾಟಿದ ಮೇಲೆ ಕೇಳಿಕೊಂಡು ಇಳಿಯಿರಿ, ಬಂಡೆ ಬಿಸಿಲಿಗೆ ಕಾಯುವ ಮುಂಚೆ ಕೆಲಸ ಮುಗಿಸಿ. ಎರಡು ದಿನಕ್ಕೆ ಇನ್ನೊಬ್ಬರು ಬಂದು ಮತ್ತೆ ಅದನ್ನೇ ಕೇಳುತ್ತಾರೆ. ಮೇಲೆ ಇರುವುದನ್ನು ಯಾರೂ ಓದುವುದಿಲ್ಲ. ಓದಿದ್ದರೆ ನನಗೂ ಕೆಲಸವಿರುತ್ತಿರಲಿಲ್ಲ.

ಒಂದು ಉತ್ತರವನ್ನು ಮಾತ್ರ ನಾನು ಬೇಸರವಿಲ್ಲದೆ ಬರೆಯುತ್ತಿದ್ದೆ. ಯಾರಾದರೂ ಹಳೆಯ ಹಗ್ಗ ಸಿಕ್ಕಿದೆ, ನೋಡಲು ಚೆನ್ನಾಗಿದೆ, ಬಳಸಬಹುದೇ ಎಂದು ಕೇಳಿದಾಗ: ಕಥೆ ಗೊತ್ತಿಲ್ಲದ ಹಗ್ಗಕ್ಕೆ ಜೀವ ಕಟ್ಟಬೇಡಿ. ಹತ್ತುವ ಹಗ್ಗ ಬಾವಿ ಹಗ್ಗದಂತಲ್ಲ. ಬೀಳುವವನನ್ನು ಹಿಡಿಯುವಾಗ ಅದು ಹಿಗ್ಗಿ ಏಟನ್ನು ತಾನು ನುಂಗುತ್ತದೆ. ಬಂಡೆಯ ಅಂಚಿಗೆ ಒತ್ತಿ ದೊಡ್ಡ ಬೀಳುವಿಕೆಯೊಂದನ್ನು ನುಂಗಿದ ಹಗ್ಗ ಮರುದಿನವೂ ಹಾಗೆಯೇ ಹೊಳೆಯುತ್ತಿರುತ್ತದೆ. ಒಳಗೆ ಏನಾಗಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಅದರ ಯಜಮಾನನಿಗೆ ನೆನಪಿರಬೇಕು, ಅಷ್ಟೆ. ಅದಕ್ಕೇ ಅಂಥ ಹಗ್ಗವನ್ನು ತುಂಡು ಮಾಡಿಬಿಡುವ ಪದ್ಧತಿ. ಬೇರೆಯವರು ತಪ್ಪಿ ಕೂಡ ಕಟ್ಟಿಕೊಳ್ಳಬಾರದು.

ಕಳೆದ ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ಸಂಜೆ ಗೆಳೆಯ ಫೋನ್ ಮಾಡಿದ. ಅವನಿಗೆ ಆರ್‌ಟಿ ನಗರದಲ್ಲಿ ಕಾರಿನ ಸೀಟು ಕವರ್ ಹೊಲಿಯುವ ಅಂಗಡಿಯಿದೆ. ನಾವಿಬ್ಬರೂ ಮೀಸೆ ಕಪ್ಪಗಿದ್ದಾಗಿನಿಂದ ಒಂದೇ ಹಗ್ಗದ ಎರಡು ತುದಿಯಲ್ಲಿದ್ದವರು. ಈಗ ಅವನ ಮಂಡಿ ಹೋಗಿದೆ, ನನ್ನ ಭುಜ. ಅವನ ಮಗಳು ಹತ್ತುತ್ತಾಳೆ.

"ಏನ್ ಗುರು, ನಿನ್ ಅಟ್ಟದಲ್ಲಿ ಆ ನೀಲಿ ಹಗ್ಗ ಇದೆ ಅಲ್ವಾ?"

"ಇದೆ. ಯಾಕೆ?"

"ಮಗಳು ಈ ಭಾನುವಾರ ಲೀಡ್ ಮಾಡ್ತಾಳಂತೆ, ಮೊದಲ್ನೇ ಸಲ. ಅವಳ ಗ್ಯಾಂಗ್ ಹಗ್ಗ ಯಾರೋ ಬಾದಾಮಿಗೆ ಎತ್ಕೊಂಡ್ ಹೋಗಿದಾರೆ. ನೀನೇ ಹಿಡೀಬೇಕು ಅಂತಾಳೆ, ನನ್ ಮೇಲೆ ನಂಬಿಕೆ ಇಲ್ವಂತೆ."

"ಜಾಣೆ," ಎಂದೆ. ತೆಗೆದಿಡುತ್ತೇನೆ, ಶನಿವಾರ ಬನ್ನಿ ಎಂದು ಫೋನ್ ಇಟ್ಟೆ.

ಲೀಡ್ ಎಂದರೆ ಮೇಲಿನಿಂದ ಹಗ್ಗದ ಆಸರೆಯಿಲ್ಲದೆ ಮೊದಲು ಹತ್ತುವುದು. ಹಗ್ಗ ಕೆಳಗಿನಿಂದ ಹಿಂದೆಯೇ ಬರುತ್ತಿರುತ್ತದೆ. ಹತ್ತುತ್ತ ಬಂಡೆಗೆ ಬಡಿದ ಬೋಲ್ಟುಗಳಿಗೆ ಒಂದೊಂದಾಗಿ ಅದನ್ನು ಸಿಕ್ಕಿಸಿಕೊಂಡು ಹೋಗಬೇಕು. ಬಿದ್ದರೆ ಕೊನೆಯ ಬೋಲ್ಟಿಗಿಂತ ಎಷ್ಟು ಮೇಲಿದ್ದೆವೋ ಅಷ್ಟೇ ಕೆಳಕ್ಕೂ ಹೋಗಿ ನಿಲ್ಲುತ್ತೇವೆ. ಆಗ ಎಲ್ಲ ಭಾರವೂ ಹಗ್ಗದ ಮೇಲೆ, ಕೆಳಗೆ ಅದನ್ನು ಹಿಡಿದು ನಿಂತವನ ಮೇಲೆ.

ಸ್ಟೂಲ್ ಹತ್ತಿ ಚೀಲ ಇಳಿಸಿದೆ. ಹಗ್ಗ ಸುರುಳಿಯಾಗಿ ಮಲಗಿತ್ತು. ಅದಕ್ಕಿನ್ನೂ ವಯಸ್ಸಾಗಿರಲಿಲ್ಲ, ಕೊಂಡ ಮೇಲೆ ಹೆಚ್ಚು ಬಳಸಿಯೂ ಇರಲಿಲ್ಲ. ಕೈಗೆತ್ತಿಕೊಂಡಾಗ ಅಂಗೈ ಜ್ಞಾಪಕ ಮಾಡಿತು, ಅಥವಾ ಮಾಡಿತೆಂದು ನನಗನ್ನಿಸಿತು. ಗೆಳೆಯ ಅವತ್ತು ಬಿದ್ದಾಗ ಅವನನ್ನು ಹಿಡಿದದ್ದು ಇದೇ ಹಗ್ಗ ಅಲ್ಲವೇ?

ಲಾಕ್‌ಡೌನಿಗೆ ಸ್ವಲ್ಪ ಮುಂಚಿನ ಮಾತು. ರಾಜಾನುಕುಂಟೆಯಾಚೆಯ ಬಂಡೆಯ ಮೇಲೆ ಗೆಳೆಯ ಲೀಡ್ ಮಾಡುತ್ತಿದ್ದ. ಮೇಲೆ, ಇನ್ನೇನು ಮುಂದಿನ ಬೋಲ್ಟು ಕೈಗೆ ಸಿಗಬೇಕು ಎನ್ನುವಾಗ ಕಾಲು ಜಾರಿತು. ಹಗ್ಗ ಬಂಡೆಯ ಚೂಪು ಅಂಚಿಗೆ ಬಿಗಿದು, ನನ್ನ ಅಂಗೈಯ ಚರ್ಮವನ್ನೊಂದಿಷ್ಟು ಸುಟ್ಟು, ಅವನನ್ನು ಹಿಡಿದು ನಿಲ್ಲಿಸಿತು. ಆ ಹಗ್ಗವನ್ನು ಕತ್ತರಿಸಬೇಕು ಎಂದು ಅವತ್ತೇ ಅಂದುಕೊಂಡೆವು. ಆಗ ನಮ್ಮಲ್ಲಿ ಎರಡು ಹಗ್ಗಗಳಿದ್ದವು, ಒಂದು ನೀಲಿ, ಒಂದು ಕಿತ್ತಳೆ. ಕಿತ್ತಳೆಯನ್ನು ಕತ್ತರಿಸಿದ್ದು ನಿಜ. ಆದರೆ ಬಿದ್ದದ್ದಕ್ಕೆ ಕತ್ತರಿಸಿದೆವೋ, ಮೇಲ್ಪದರ ಜುಂಗೆದ್ದಿತ್ತು ಎಂದು ಕತ್ತರಿಸಿದೆವೋ? ನೀಲಿಯದನ್ನು ಕತ್ತರಿಸಬೇಕೆಂದಿದ್ದು, ಅಷ್ಟರಲ್ಲಿ ಲಾಕ್‌ಡೌನ್ ಬಂದು, ಅಟ್ಟಕ್ಕೆ ಹಾಕಿ ಮರೆತೆವೋ?

ಹಗ್ಗದ ಚರಿತ್ರೆ ಬರೆದಿಡಿ ಎಂದು ಗುಂಪಿನಲ್ಲಿ ಎಲ್ಲರಿಗೂ ಹೇಳುತ್ತೇನೆ. ನಾನು ಬರೆದಿಟ್ಟವನಲ್ಲ.

ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನು ನಾನು. ಸಾಕ್ಷಿ ಹೇಳುವವನು ಸುಳ್ಳ ಎಂದು ಹೆದರಬೇಕಾಗಿಲ್ಲ, ಪ್ರಾಮಾಣಿಕನಾಗಿದ್ದಾಗಲೇ ಹೆಚ್ಚು ಹುಷಾರಾಗಿರಬೇಕು ಎಂಬುದು ಆ ಓದಿನಿಂದ ಉಳಿದ ಒಂದೇ ಆಸ್ತಿ. ಆ ಬೀಳುವಿಕೆಯನ್ನು ನಾವು ರಾಜಾನುಕುಂಟೆಯ ಹೋಟೆಲಿನಲ್ಲಿ ತಟ್ಟೆ ಇಡ್ಲಿ ಮುಂದೆ ಎಷ್ಟು ಸಲ ಹೇಳಿದ್ದೇವೋ. ಹೇಳಿದಷ್ಟೂ ಸಲ ಅವನು ಸ್ವಲ್ಪ ಹೆಚ್ಚು ಎತ್ತರದಿಂದ ಬಿದ್ದ. ಈಗ ನನಗೆ ನೆನಪಿರುವುದು ಆ ದಿನವೋ, ಆ ದಿನದ ಬಗ್ಗೆ ಆಡಿದ ಮಾತೋ, ಬೇರ್ಪಡಿಸಲಾರೆ.

ಶನಿವಾರ ಸಂಜೆ ಅಪ್ಪ ಮಗಳು ಸ್ಕೂಟರಿನಲ್ಲಿ ಕೆಂಪಾಪುರದ ನಮ್ಮ ಮನೆಗೆ ಬಂದರು. ಹಗ್ಗವನ್ನು ತಾರಸಿಗೆ ಒಯ್ದು ಹರವಿದೆ. ಅನುಮಾನವನ್ನು ಹೇಳಿದೆ.

ಗೆಳೆಯ ನಕ್ಕ. "ಅದು ಕಿತ್ತಳೆ ಕಣೋ. ಬಿದ್ದವನು ನಾನು, ನನಗ್ ಗೊತ್ತಿರಲ್ವಾ?"

"ಬೀಳುವಾಗ ಹಗ್ಗದ ಬಣ್ಣ ನೋಡ್ತಿದ್ಯಾ?"

"ಮತ್ತೆ ಏನ್ ನೋಡ್ಲಿ, ಹೆಬ್ಬಾಳ ಫ್ಲೈಓವರ್ರಾ? ಮುಖದ್ ಮುಂದೇನೇ ಇತ್ತು. ಅದರ ತುಂಡು ಇವತ್ತೂ ಅಂಗಡೀಲಿದೆ, ಫೋಮ್ ಶೀಟ್ ಕಟ್ತೀನಿ. ಯಾಕೆ ಕತ್ತರಿಸಿದ್ವಿ ಮತ್ತೆ?"

"ಅದು ಜುಂಗೆದ್ದಿತ್ತು ಕೂಡ. ನನ್ನ ಅಂಗೈಯಲ್ಲಿ ನೀಲಿ ಇತ್ತು. ಸುಟ್ಟ ಕಡೆ ಅಂಟ್ಕೊಂಡಿತ್ತು. ಸ್ಪಷ್ಟವಾಗಿ ನೆನಪಿದೆ."

ಅವನು ಮಗಳ ಕಡೆ ತಿರುಗಿ ತೊಡೆ ತಟ್ಟಿಕೊಂಡ. "ಕೇಳಿದ್ಯಾ ಬೇಟಾ? ಗುರುವೇ, ಅದು ಔಷಧಿ! ಕೊಡಿಗೇಹಳ್ಳಿ ಕ್ಲಿನಿಕ್‌ನಲ್ಲಿ ಕಾಂಪೌಂಡರ್ ಜೆನ್ಷನ್ ವಯೊಲೆಟ್ ಬಳಿದಿದ್ದ. ವಾರ ಪೂರ್ತಿ ನೇರಳೆ ಹಣ್ಣು ತಿಂದೋನ್ ಥರ ಕೈ ಇಟ್ಕೊಂಡ್ ಓಡಾಡ್ದೆ."

ಸರಿ ಎನ್ನಿಸಿತು. ಕ್ಲಿನಿಕ್ಕಿನ ಹಸಿರು ಪರದೆ ಕೂಡ ಕಣ್ಣಿಗೆ ಬಂತು. ಆದರೆ ಅವನು ಹೇಳಿದ ಮೇಲೆ ಬಂತು.

ಟೀ ತಂದಿದ್ದ ನನ್ನ ಹೆಂಡತಿಯನ್ನು ಕೇಳಿದೆ. ಬಲಗೈಗೆ ಪೆಟ್ಟಾಗಿತ್ತಲ್ಲ, ನೀಲಿ ಔಷಧಿ ಹಚ್ಚಿದ್ದರಾ?

"ಬಲಗೈ ಎಲ್ಲಿ? ಎಡಗೈ ಕಣ್ರೀ. ಬಲಗೈಲಿ ನೀವೇ ಕಲಸ್ಕೊಂಡು ಊಟ ಮಾಡ್ತಿದ್ರಿ. ಆಗಿದ್ದಿದ್ದು ಬಲಗೈಗಾಗಿದ್ರೆ ನಾನು ತುತ್ತು ಕೊಡ್ಬೇಕಾಗಿತ್ತು, ನನಗೆ ಮರೆಯೋದಾ?"

ಕೆಳಗಿನಿಂದ ಹಗ್ಗ ಹಿಡಿಯುವಾಗ ತಡೆಯುವ ಕೈ ನನ್ನದು ಯಾವಾಗಲೂ ಬಲಗೈ. ಎರಡೂ ಅಂಗೈಗಳನ್ನು ಬೆಳಕಿಗೆ ಹಿಡಿದು ನೋಡಿದೆ. ಯಾವುದರಲ್ಲೂ ಗುರುತಿರಲಿಲ್ಲ. ಇಷ್ಟು ವರ್ಷ ಈ ಬಲಗೈಯನ್ನು ಎತ್ತಿ ತೋರಿಸಿಯೇ ನಾನು ಹೊಸಬರಿಗೆ ಕೈಗವಸು ಹಾಕಿಕೊಳ್ಳಿ ಎಂದು ಬುದ್ಧಿ ಹೇಳಿದ್ದೆ.

ಅಷ್ಟರಲ್ಲಿ ಹುಡುಗಿ ನೆಲದ ಮೇಲೆ ಕೂತು ಹಗ್ಗವನ್ನು ಒಂದು ತುದಿಯಿಂದ ಬೆರಳ ನಡುವೆ ಒತ್ತಿ ಎಳೆಯುತ್ತ ಬಂದಿದ್ದಳು. ಒಳಗೆ ಎಲ್ಲಾದರೂ ಮೆತ್ತಗಾಗಿದ್ದರೆ, ಚಪ್ಪಟೆಯಾಗಿದ್ದರೆ ಬೆರಳಿಗೆ ತಿಳಿಯುತ್ತದೆ ಎಂದು ಅವಳಿಗೆ ಕಲಿಸಿದ್ದು ನಾನೇ. ಪೂರ್ತಿ ಎಳೆದಳು. ಮತ್ತೆ ಆ ತುದಿಯಿಂದ ಈ ತುದಿಗೆ ಬಂದಳು.

"ಏನೂ ಇಲ್ಲ ಅಂಕಲ್. ಹೊಸದರಂಗಿದೆ."

"ಏನೂ ಸಿಗದಿದ್ರೆ ಏನೂ ಆಗಿಲ್ಲ ಅಂತ ಅಲ್ಲ."

"ಗೊತ್ತು. ಗ್ರೂಪಲ್ಲಿ ನೀವೇ ಬರೆದಿದ್ದು." ಅವಳ ಮುಖ ಬಾಡಿತ್ತು. "ಆದ್ರೆ ಮುಂದಿನ ವಾರದಿಂದ ಎಗ್ಸಾಮ್. ಆಮೇಲೆ ಬಿಸಿಲು, ಬಂಡೆ ಮುಟ್ಟಕ್ಕಾಗಲ್ಲ. ಆಮೇಲೆ ಮಳೆ. ಇಡೀ ವರ್ಷ ಇದಕ್ಕೇ ಪ್ರಾಕ್ಟೀಸ್ ಮಾಡಿದೀನಿ."

"ಅದಕ್ಕೇ ಹೇಳ್ತಿರೋದು," ಎಂದ ಗೆಳೆಯ. "ಗ್ರೂಪಲ್ಲಿ ಬರೆಯೋದೇ ಬೇರೆ, ಬಂಡೆ ಹತ್ರ ಬೇರೆ. ಹಗ್ಗ ಚೆನ್ನಾಗಿದೆ. ನಾಳೆ ಹೋಗೋಣ, ಅಷ್ಟೇ."

"ಇದನ್ನ ಕಟ್ಟಿದ್ರೆ ನಾನು ಹಿಡಿಯಲ್ಲ."

"ಅಂದ್ರೆ ನಾನ್ ಸುಳ್ ಹೇಳ್ತಿದೀನಿ ಅಂತ."

"ಅಲ್ಲ. ನಿನ್ನ ನೆನಪೂ ನನ್ನ ನೆನಪಿನಂಗೇ ಅಂತ."

ಅವನು ಟೀ ಲೋಟ ಕೆಳಗಿಟ್ಟ. "ನಿನಗೆ ಹೆಂಡ್ತಿ ಮಾತಲ್ಲೂ ನಂಬಿಕೆ ಇಲ್ಲ, ನನ್ ಮಾತಲ್ಲೂ ಇಲ್ಲ, ನಿನ್ ಕೈಲೂ ಇಲ್ಲ. ಇಷ್ಟ್ ಓದ್ಬಾರ್ದಿತ್ತು ನೀನು. ನೀನ್ ಹಿಡೀದಿದ್ರೆ ನಾನ್ ಹಿಡೀತೀನಿ. ಉಠೋ ಬೇಟಾ, ಏಳು." ಹಗ್ಗದ ಸುರುಳಿಯ ಕಡೆ ಬಗ್ಗಿದ.

ಅವನು ಹಿಡಿಯುತ್ತಾನೆ ಎಂದು ನನಗೆ ಗೊತ್ತಿತ್ತು. ನಾನು ಬೇಡವೆಂದು ಬಾಯಲ್ಲಿ ಹೇಳಿದರೆ ಸಾಲದು. ಕೆಳಗೆ ಅಡುಗೆಮನೆಗೆ ಹೋಗಿ ಈಳಿಗೆಮಣೆ ತಂದೆ. ತಾರಸಿಯ ಮೇಲೆ ಕುಕ್ಕರಗಾಲಲ್ಲಿ ಕೂತು, ಅವನ ಕೈಯಿಂದ ಹಗ್ಗ ಎಳೆದು, ಮಧ್ಯಕ್ಕೆ ಬರುವಂತೆ ಈಳಿಗೆಗೆ ಒತ್ತಿದೆ.

"ಅಯ್ಯೋ, ನಕ್ಕೊ, ಬೇಡ ಕಣೋ!" ಎಂದು ಅವನು ಕೂಗುವಷ್ಟರಲ್ಲಿ ಎರಡಾಗಿತ್ತು. ನಿಲ್ಲಿಸಲಿಲ್ಲ. ಸೋರೆಕಾಯಿ ಹೆಚ್ಚುವಂತೆ ತುಂಡು ತುಂಡು ಮಾಡಿದೆ. ಹಗ್ಗ ಅಷ್ಟು ಸುಲಭಕ್ಕೆ ಕೊಯ್ಯಲು ಬಿಡುವ ವಸ್ತುವಲ್ಲ. ನಾಲ್ಕನೆಯದಕ್ಕೋ ಐದನೆಯದಕ್ಕೋ ಭುಜ ನೋಯತೊಡಗಿತು. ಹೊರಗಿನ ನೀಲಿ ಹೆಣಿಗೆಯೊಳಗಿಂದ ಬಿಳಿ ಎಳೆಗಳು ಕೆದರಿಕೊಂಡು ಹೊರಬಂದವು. ಅವು ಹಾಲಿನಷ್ಟು ಬೆಳ್ಳಗಿದ್ದವು. ಒಂದೇ ಒಂದು ಎಳೆಯೂ ಹರಿದಿದ್ದಂತೆ ಕಾಣಲಿಲ್ಲ.

"ಅದು ಮೊಂಡಾದ್ರೆ ನೀವೇ ಸಾಣೆ ಹಿಡಿಸ್ಕೊಂಡ್ ಬರ್ಬೇಕು," ಎಂದು ಹೆಂಡತಿ ಬಾಗಿಲಲ್ಲಿ ನಿಂತು ಹೇಳಿದಳು. ಹುಡುಗಿ ಒಂದು ತುಂಡನ್ನು ಎತ್ತಿಕೊಂಡು, ತುದಿಯ ಬಿಳಿ ಎಳೆಗಳನ್ನು ಬೆರಳಲ್ಲಿ ಬಿಡಿಸುತ್ತ ಸ್ವಲ್ಪ ಹೊತ್ತು ಕೂತಳು. ಆಮೇಲೆ ಅಪ್ಪ ಮಗಳು ಹೋದರು. ಸ್ಕೂಟರ್ ಗೇಟು ದಾಟುವ ಸದ್ದು ಕೇಳಿದ ಮೇಲೂ ನಾನು ಎದ್ದೇಳಲಿಲ್ಲ. ಒಳ್ಳೆಯ ಕೆಲಸ ಮಾಡಿದವನ ಹಗುರ ನನ್ನಲ್ಲಿರಲಿಲ್ಲ. ಹಗ್ಗ ಕೆಟ್ಟಿತ್ತೆಂದು ನನಗೆ ಗೊತ್ತಾಗಿರಲಿಲ್ಲ. ಗೊತ್ತಿಲ್ಲ ಎಂಬುದಷ್ಟೇ ಗೊತ್ತಾಗಿತ್ತು. ಅಷ್ಟಕ್ಕೆ ಒಂದು ಹಗ್ಗ, ಒಂದು ಹುಡುಗಿಯ ಒಂದು ವರ್ಷ ಹೋಗಿತ್ತು.

ಗೆಳೆಯನ ಫೋನ್ ಬರಲಿಲ್ಲ. ಎಗ್ಸಾಮ್ ಕಳೆದು, ಬಿಸಿಲು ಏರಿದ ಮೇಲೆ ಒಂದು ಮಧ್ಯಾಹ್ನ ಫೋನ್ ಬಂತು. ನಮಸ್ಕಾರವೂ ಇಲ್ಲ, ಸಮಾಚಾರವೂ ಇಲ್ಲ.

"ಆ ತುಂಡುಗಳಿದ್ರೆ ಕೊಡು. ಫೋಮ್ ಕಟ್ಟಕ್ ಬೇಕು."

"ಒಂದು ಬಟ್ಟೆ ಒಣಗಿಸೋಕೆ ಕಟ್ಟಿದೀನಿ. ಉಳಿದಿದ್ದು ನಿಂದೇ."

"ಬಟ್ಟೆ ಭಾರಕ್ಕೆ ಹರೀತಾ?"

"ಇನ್ನೂ ಇಲ್ಲ."

"ಹರಿದ್ರೆ ಹೇಳು," ಎಂದು ಇಟ್ಟ.

ಮಳೆ ನಿಂತು ಬಂಡೆ ಒಣಗಿದ ಮೇಲೆ ಹುಡುಗಿ ಲೀಡ್ ಮಾಡಿದಳು. ಹಗ್ಗ ಹೊಸದು, ಹಸಿರು. ನಾವು ಸಾಮಾನು ಹರವುವಾಗ ಕುರಿ ಮೇಯಿಸುವ ಮುದುಕಪ್ಪ ಒಬ್ಬರು ನಿಂತು ನೋಡಿ, "ಅಲ್ಲ ಸ್ವಾಮಿ, ಇಂದ್ಗಡೆ ಚೆನ್ನಾಗಿ ದಾರಿ ಐತೆ. ಇಂಗ್ಯಾಕೆ ಅಗ್ಗ ಕಟ್ಕೊಂಡು ಸಾಯ್ತೀರಾ?" ಎಂದರು. ಗೆಳೆಯ, "ಅದೇ ತಾತ, ನಾನೂ ಕೇಳ್ತಾನೇ ಇದೀನಿ," ಎಂದು ಕಲ್ಲಿನ ಮೇಲೆ ಕೂತ. ಮೇಲೆ ಒಂದು ಕಡೆ ಅವಳ ಕಾಲು ಜಾರಿತು. ಹಗ್ಗ ಹಿಗ್ಗಿತು, ನಾನು ಒಂದು ಹೆಜ್ಜೆ ಮುಂದಕ್ಕೆ ಎಳೆಯಲ್ಪಟ್ಟೆ, ಅವಳು ತೂಗಾಡಿ ನಿಂತಳು. ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡು ಮತ್ತೆ ಹತ್ತಿ ಮುಗಿಸಿದಳು.

ರಾಜಾನುಕುಂಟೆಯ ಹೋಟೆಲಿನಲ್ಲಿ ತಟ್ಟೆ ಇಡ್ಲಿ, ವಡೆ ಬಂದವು. ಅವಳು ತಟ್ಟೆ ಎಳೆದುಕೊಂಡ ಭರಕ್ಕೆ ಚಟ್ನಿ ಮೇಜಿನ ಮೇಲೆ ಚೆಲ್ಲಿತು.

"ಅಂಕಲ್, ಹಸಿರು ಹಗ್ಗ, ಒಂದ್ ಸಲ ಬಿದ್ದಿದ್ದು, ಚಿಕ್ಕದು, ಅಂಚು ತಾಗಿಲ್ಲ. ಮೂರೂ ಜನ ನೆನಪಿಟ್ಕೊಳ್ಬೇಕು."

"ಎರಡನೇ ಬೋಲ್ಟ್ ದಾಟಿದ ಮೇಲೆ," ಎಂದು ಗೆಳೆಯ ಸೇರಿಸಿದ.

"ಮೂರನೇದು, ಅಬ್ಬು," ಎಂದು ಅಪ್ಪನನ್ನು ತಿದ್ದಿದಳು.

"ಎರಡನೇದು. ನಾನ್ ಕೆಳಗಿಂದ ನೋಡ್ತಾನೇ ಇದ್ನಲ್ಲಾ."

"ಬಿದ್ದವಳು ನಾನು!"

ಇಬ್ಬರೂ ನನ್ನ ಕಡೆ ನೋಡಿದರು. ಹಗ್ಗ ಹಿಡಿದಿದ್ದವನು ನಾನು. ಅವಳ ಪಾದ ಜಾರಿದ್ದನ್ನು ನೋಡಿದ್ದೆ, ಹಗ್ಗ ಬಿಗಿಯಾದದ್ದು ಕೈಗೆ ಗೊತ್ತಿತ್ತು. ಬೋಲ್ಟನ್ನು ಎಣಿಸಿರಲಿಲ್ಲ. ಕಣ್ಣು ಮುಚ್ಚಿ ಬಂಡೆಯನ್ನು ಮತ್ತೆ ಎದುರಿಗೆ ತಂದುಕೊಳ್ಳಲು ನೋಡಿದೆ. ಎರಡನೆಯದೂ ಬಂತು, ಮೂರನೆಯದೂ ಬಂತು. ಎರಡರ ಮೇಲೂ ಅವಳು ಅಷ್ಟೇ ಸ್ಪಷ್ಟವಾಗಿ ಬೀಳುತ್ತಿದ್ದಳು.

"ಹಸಿರು," ಎಂದೆ. "ಅದೊಂದು ಗ್ಯಾರಂಟಿ."

"ಸದ್ಯ," ಎಂದು ಗೆಳೆಯ ನನ್ನ ತಟ್ಟೆಯಿಂದ ವಡೆ ಎತ್ತಿಕೊಂಡ.