ಬಾಗಿಲಣ್ಣ ಮತ್ತು ಅವನ ಕತ್ತೆ

ಬಾಗಿಲಣ್ಣ ಎಂದರೆ ಊರಿಗೆಲ್ಲ ಗೊತ್ತು. ಭಾನುವಾರ ಸಂಜೆ ಆರೂವರೆಗೆ ಟೀವಿಯಲ್ಲಿ ‘ಮೂರು ಬಾಗಿಲು’ ಎಂಬ ಆಟ ಬರುತ್ತಿತ್ತಲ್ಲ, ಇಪ್ಪತ್ತೆರಡು ವರ್ಷ ಅದನ್ನು ನಡೆಸಿಕೊಟ್ಟವನು ಅವನೇ. ಆಡಲು ಬಂದವರು ಐದು ಪ್ರಶ್ನೆ ದಾಟಿದರೆ ಮೂರು ಬಾಗಿಲುಗಳ ಮುಂದೆ ನಿಲ್ಲಬೇಕು. ಒಂದರ ಹಿಂದೆ ಸ್ಕೂಟರು, ಒಂದರ ಹಿಂದೆ ಮಿಕ್ಸಿಯೋ ಫ್ಯಾನೋ, ಇನ್ನೊಂದರ ಹಿಂದೆ ಬರೀ ಒಂದು ಮರದ ಕುರ್ಚಿ. ಎಲ್ಲಿ ಏನಿದೆ ಎಂದು ವೇದಿಕೆಯ ಮೇಲೆ ಗೊತ್ತಿರುತ್ತಿದ್ದುದು ಅವನೊಬ್ಬನಿಗೆ. ಹಾಗಾಗಿ ಬಂದವರು ಬಾಗಿಲನ್ನು ನೋಡುತ್ತಿರಲಿಲ್ಲ, ಅವನ ಮುಖವನ್ನು ನೋಡುತ್ತಿದ್ದರು. ನೋಡಿ ಏನು ಬಂತು, ಗೋಡೆ ನೋಡಿದ ಹಾಗೆ.

ಒಮ್ಮೆ ಅವನ ಷಡ್ಡಕ ತನ್ನ ಗೆಳೆಯನನ್ನು ಆಟಕ್ಕೆ ಸೇರಿಸಿ, ಹಿಂದಿನ ದಿನ ಮನೆಗೇ ಬಂದು, ‘ಬಾಯಿ ಬಿಡೋದು ಬೇಡ ಕಣೋ, ಸ್ಕೂಟರ್ ಇರೋ ಬಾಗಿಲ ಹತ್ರ ಬಂದಾಗ ಒಂದು ಸಲ ಕೆಮ್ಮಿದ್ರೆ ಸಾಕು’ ಎಂದು ಕೈ ಹಿಡಿದುಕೊಂಡ. ದೇವರ ಲೀಲೆ, ಮರುದಿನ ಬಾಗಿಲಣ್ಣನಿಗೆ ನಿಜವಾಗಿಯೂ ಕೆಮ್ಮು. ಒಂದು ಗಂಟೆ ಕಾಲ ಕಣ್ಣಲ್ಲಿ ನೀರು ಸುರಿಸಿಕೊಂಡು ಅದನ್ನು ಒಳಗೇ ನುಂಗಿದ. ಗೆಳೆಯನಿಗೆ ಮರದ ಕುರ್ಚಿ ಬಂತು. ಷಡ್ಡಕ ಮೂರು ವರ್ಷ ಮನೆ ಕಡೆ ತಲೆ ಹಾಕಲಿಲ್ಲ.

ಊರಿಗೆ ಗೊತ್ತಿಲ್ಲದ್ದು ಒಂದಿತ್ತು. ದಿನಾ ನಾಲ್ಕು ಗಂಟೆಗೆ ಮಕ್ಕಳ ಕಾರ್ಟೂನಿನಲ್ಲಿ ಬರುತ್ತಿದ್ದ ಕಿವಿರಾಯ ಎಂಬ ಕತ್ತೆಮರಿಯ ದನಿಯೂ ಅವನದೇ. ಬೂದು ಬಣ್ಣದ, ಗಂಟು ಮಂಡಿಯ ಆ ಮರಿ ಎಲ್ಲದಕ್ಕೂ ಹೆದರುತ್ತಿತ್ತು, ಹೆದರಿದೆ ಎಂದು ಮಾತ್ರ ಒಪ್ಪುತ್ತಿರಲಿಲ್ಲ. ‘ನನಗೆ ಭಯ ಇಲ್ಲಪ್ಪಾ, ನನ್ನ ಕಾಲಿಗೆ ಭಯ’ ಎನ್ನುತ್ತಿತ್ತು. ಕಾರ್ಟೂನು ಎಲ್ಲೋ ಬೇರೆ ಭಾಷೆಯಲ್ಲಿ ತಯಾರಾಗಿ ಬರುತ್ತಿದ್ದುದರಿಂದ ಕತ್ತೆ ತುಟಿ ಮುಚ್ಚಿದ ಕಡೆ ಪ, ಬ, ಮ ಬಂದು ಬೀಳಬೇಕು. ಇಲ್ಲದಿದ್ದರೆ ಬಾಯೊಂದು ಕಡೆ, ಮಾತೊಂದು ಕಡೆ. ಹೆಸರು ಹಾಕುವುದಿಲ್ಲ, ನೀವೂ ಹೇಳಿಕೊಂಡು ತಿರುಗಬಾರದು ಎಂದು ಕಂಪನಿಯವರು ಮೊದಲೇ ಬರೆಸಿಕೊಂಡಿದ್ದರು. ಕತ್ತೆಯೊಳಗೆ ಕೋಟು ತೊಟ್ಟ ಗಂಡಸೊಬ್ಬ ಇದ್ದಾನೆ ಎಂದು ಗೊತ್ತಾದರೆ ಮಕ್ಕಳು ನಂಬುವುದಿಲ್ಲವಂತೆ.

ದನಿ ಕೊಡುವ ಕೋಣೆಗೆ ಕಿಟಕಿ ಇರಲಿಲ್ಲ, ಗೋಡೆಗೆಲ್ಲ ಸ್ಪಂಜು. ಕೈಗಡಿಯಾರ ಬಿಚ್ಚಿಟ್ಟು, ಚಪ್ಪಲಿ ಕಳಚಿ, ಸರಬರ ಅನ್ನದ ಹಳೆಯ ಹತ್ತಿ ಅಂಗಿ ತೊಟ್ಟು, ಹೊಟ್ಟೆ ಗುಡುಗದಿರಲಿ ಎಂದು ಒಂದು ಬಾಳೆಹಣ್ಣು ತಿಂದು ಒಳಗೆ ಹೋಗಬೇಕು. ಅವನು ಮಂಡಿ ಒಂದಿಷ್ಟು ಬಗ್ಗಿಸಿ, ಗದ್ದ ಎತ್ತಿ, ಎಡಗೆನ್ನೆಯನ್ನು ಒಳಗಿನಿಂದ ಕಚ್ಚಿ ಹಿಡಿದರೆ ಮೂಗಿನ ಹಿಂದೆ ಎಲ್ಲಿಂದಲೋ ಕಿವಿರಾಯ ಬರುತ್ತಿದ್ದ. ಬರುತ್ತಿದ್ದ ಎಂದೇ ಹೇಳಬೇಕು. ತಾನು ಕರೆದು ತಂದೆ ಎಂದು ಬಾಗಿಲಣ್ಣನಿಗೆ ಒಂದು ದಿನವೂ ಅನ್ನಿಸಿರಲಿಲ್ಲ. ಕತ್ತಲಲ್ಲಿ ಪರದೆ ಹೊಳೆಯುತ್ತಿತ್ತು, ನೀಲಿ ಹುಲ್ಲಿನ ಮೇಲೆ ಕತ್ತೆ ನಡೆಯುತ್ತಿತ್ತು, ಇವನ ಬರಿಗಾಲಿಗೂ ಹುಲ್ಲು ತಾಗುತ್ತಿತ್ತು. ಹೊರಗೆ ಬಂದರೆ ಹಗಲೇ ಸುಳ್ಳು ಅನ್ನಿಸಿ, ನಿಲ್ದಾಣದಲ್ಲಿ ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ಹತ್ತುತ್ತಿದ್ದ.

ಮನೆಯಲ್ಲಿ ಅವನ ಮಾತು ಕಡಿಮೆ. ‘ಊರಿಗೆಲ್ಲ ಮಾತು ಬಡಿಸಿ ಬರ್ತಾರೆ, ಮನೆಗೆ ಬರೋ ಹೊತ್ತಿಗೆ ಪಾತ್ರೆ ಖಾಲಿ’ ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು. ಸುಳ್ಳಲ್ಲ. ಒಬ್ಬಳೇ ಮಗಳನ್ನು ಹತ್ತಿರ ಕೂರಿಸಿಕೊಂಡು ಏನು ಕೇಳಬೇಕೆಂದೇ ಅವನಿಗೆ ತೋಚುತ್ತಿರಲಿಲ್ಲ. ಸಾವಿರ ಜನಕ್ಕೆ ಪ್ರಶ್ನೆ ಕೇಳಿದವನು ಮಗಳಿಗೆ ‘ಊಟ ಆಯ್ತಾ’ ಎಂಬುದರಿಂದ ಮುಂದೆ ಹೋಗುತ್ತಿರಲಿಲ್ಲ.

ಮಗಳಿಗೆ ನಾಲ್ಕು ವರ್ಷವಾದಾಗ ತಲೆಸ್ನಾನಕ್ಕೆ ಹೆದರಿ ಬಚ್ಚಲಮನೆಯ ಚಿಲಕ ಹಾಕಿಕೊಂಡು ಕೂತುಬಿಟ್ಟಳು. ಅಮ್ಮ ಗದರಿದಳು, ಬೇಡಿಕೊಂಡಳು, ಆಗಲಿಲ್ಲ. ಆಗ ಬಾಗಿಲಣ್ಣ ಹೊರಗೆ ಕಾಲೊರೆಸುವ ಬಟ್ಟೆಯ ಮೇಲೆ ಕುಕ್ಕರಿಸಿ ಕೆನ್ನೆ ಕಚ್ಚಿಕೊಂಡ. ‘ಒಳಗೆ ಯಾರಪ್ಪಾ? ನಾನೂ ಬರಲಾ? ನನ್ನ ಕಿವಿಗೂ ಸೋಪು ಹಾಕೋರು ಬೇಕು.’ ಒಳಗೆ ಅಳು ನಿಂತಿತು. ಅಂದಿನಿಂದ ಐದು ವರ್ಷ, ದಿನಾ ಸಂಜೆ ಅರ್ಧ ಗಂಟೆ, ಮಗಳು ಬಕೆಟ್ ಬೋರಲು ಹಾಕಿ ಒಳಗೆ ಕೂರುವುದು, ಕತ್ತೆ ಹೊರಗೆ ಕೂರುವುದು. ಶಾಲೆಯ ಜಗಳ, ಬಿದ್ದ ಹಲ್ಲು, ಕನಸು, ಎಲ್ಲ ಕತ್ತೆಗೆ. ಅದು ಅಪ್ಪನೇ ಎಂದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅದು ಅಪ್ಪನಲ್ಲ ಎಂದೂ ಗೊತ್ತಿತ್ತು. ಮಕ್ಕಳ ತಲೆಯಲ್ಲಿ ಎರಡಕ್ಕೂ ಜಾಗ ಇರುತ್ತದೆ, ದೊಡ್ಡವರ ಹಾಗೆ ಒಂದನ್ನು ಎತ್ತಿ ಬಿಸಾಡುವುದಿಲ್ಲ.

ಒಂಬತ್ತನೆಯ ವರ್ಷದಲ್ಲಿ ಒಂದು ಸಂಜೆ ಅವಳು ಕತ್ತೆಗೆ ಹೇಳಿದಳು: ಹಾಡಿನ ಕ್ಲಾಸಿಗೆ ಹೋಗುತ್ತಿಲ್ಲ, ಆ ಹೊತ್ತಿನಲ್ಲಿ ಹಿಂದಿನ ಬೀದಿಯ ಇಸ್ತ್ರಿ ಅಂಗಡಿಯ ಬೆಂಚಿನ ಮೇಲೆ ಕೂತಿರುತ್ತಾಳೆ. ಹಾಡಿನ ಮೇಡಂ ಅವಳ ದನಿಗೆ ಒಡಕು ಮಡಕೆ ಅಂದರಂತೆ. ‘ಅಪ್ಪಂಗೆ ಹೇಳ್ಬೇಡ ಕಿವಿರಾಯ. ಅಪ್ಪಂಗೆ ಬೇಜಾರಾಗತ್ತೆ.’ ಹೇಳುವುದಿಲ್ಲ ಎಂದು ಕಿವಿರಾಯ ಮಾತು ಕೊಟ್ಟ.

ಅದೇ ರಾತ್ರಿ ಊಟಕ್ಕೆ ಕೂತಾಗ ಬಾಗಿಲಣ್ಣ, ಸ್ವಂತ ಷಡ್ಡಕನಿಗೂ ಬಾಯಿ ಬಿಡದ ಬಾಗಿಲಣ್ಣ, ತಟ್ಟೆ ನೋಡಿಕೊಂಡೇ ಕೇಳಿಬಿಟ್ಟ. ‘ಹಾಡಿನ ಕ್ಲಾಸ್ ಬಿಟ್ಟು ಇಸ್ತ್ರಿ ಅಂಗಡೀಲಿ ಕೂತಿರ್ತೀಯಂತೆ?’ ಹೆಂಡತಿ ‘ಏನು?’ ಎಂದು ಸೌಟು ಕೆಳಗಿಟ್ಟಳು. ಮಗಳು ಅಮ್ಮನನ್ನು ನೋಡಲಿಲ್ಲ. ಅಪ್ಪನನ್ನು ನೋಡಿದಳು, ತುಂಬ ಹೊತ್ತು. ಆಮೇಲೆ ಅನ್ನಕ್ಕೆ ಕೈ ಹಾಕಿದಳು. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಮರುದಿನ ಸಂಜೆ ಅವನು ಬಚ್ಚಲ ಹೊರಗೆ ಕೂತು ಮೂರು ಸಲ ಕರೆದ. ಒಳಗೆ ನಲ್ಲಿಯ ನೀರು ಬೀಳುತ್ತಲೇ ಇತ್ತು.

ಅವಳು ಬೆಳೆದಳು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಕೂರಿಸುವ ಕೆಲಸ ಕಲಿತಳು, ಮದುವೆಯಾದಳು, ಹೆಣ್ಣುಮಗು ಹೆತ್ತಳು. ಅಪ್ಪನಿಗೆ ಜ್ವರ ಬಂದರೆ ಮಾತ್ರೆ ತಂದುಕೊಟ್ಟಳು, ಕಣ್ಣು ಮಂಜಾದಾಗ ತಾನೇ ಗಾಜು ಕೂರಿಸಿ ಕನ್ನಡಕ ಕೊಟ್ಟಳು. ಕೊರತೆ ಏನೂ ಇಲ್ಲ. ಆದರೆ ಅಪ್ಪನ ಹತ್ತಿರ ‘ಹೂಂ’, ‘ಸರಿ’, ‘ಆಯ್ತು’, ಇಷ್ಟೇ. ಇಪ್ಪತ್ತೈದು ವರ್ಷದಲ್ಲಿ ಅವಳು ಅವನನ್ನು ಏನೂ ಕೇಳಲಿಲ್ಲ, ತನ್ನ ಮನಸ್ಸಿನದು ಏನೂ ಹೇಳಲಿಲ್ಲ. ಅವನೂ ಅವತ್ತಿನಿಂದ ಮನೆಯಲ್ಲಿ ಕತ್ತೆಯ ದನಿ ತೆಗೆಯಲಿಲ್ಲ. ಟೀವಿಯಲ್ಲಿ ಕಿವಿರಾಯನನ್ನು ಕಂಡು ಕುಣಿಯುವ ಮೊಮ್ಮಗಳಿಗೂ ಅದು ತಾತ ಎಂದು ಗೊತ್ತಿರಲಿಲ್ಲ. ‘ಅವಳಿಗೆ ಹೇಳೋದು ಬೇಡಪ್ಪ’ ಎಂದು ಮಗಳು ಒಮ್ಮೆ ಹೇಳಿದ್ದಳು. ಅಷ್ಟು ಮಾತನ್ನಾದರೂ ಅವನು ಉಳಿಸಿಕೊಂಡಿದ್ದ.

‘ಮೂರು ಬಾಗಿಲು’ ನಿಂತ ಮೇಲೆ ಮಧ್ಯಾಹ್ನದ ನಿದ್ದೆ ರೂಢಿಯಾಯಿತು, ನಿದ್ದೆಯ ಜೊತೆ ಒಂದು ಕನಸು. ಅದೇ ವೇದಿಕೆ, ಎದುರಿಗೆ ಖಾಲಿ ಕುರ್ಚಿಗಳು. ಮೊದಲ ಬಾಗಿಲು ತೆರೆದರೆ ಸ್ಕೂಟರಿನ ಮೇಲೆಲ್ಲ ನೀಲಿ ಹುಲ್ಲು ಬೆಳೆದಿದೆ. ಎರಡನೆಯದರ ಹಿಂದೆ ಹೆಂಡತಿ ಅವನ ಅಂಗಿಗಳನ್ನು ಮಡಚುತ್ತ, ‘ಮುಚ್ಚಿ, ಗಾಳಿ ಬರತ್ತೆ’ ಅನ್ನುತ್ತಾಳೆ. ಮೂರನೆಯದು ತೆರೆಯುವುದೇ ಇಲ್ಲ. ಒಳಗೆ ಯಾರೋ ಉಸಿರಾಡುವುದು ಕೇಳುತ್ತದೆ. ಏನಿದೆ ಎಂದು ಅವನಿಗೆ ಗೊತ್ತಿರಬೇಕಿತ್ತು, ಈ ಸಲ ಮಾತ್ರ ಯಾರೂ ಹೇಳಿಲ್ಲ. ಪಕ್ಕದ ಮನೆಯ ಟೀವಿಯಲ್ಲಿ ನಾಲ್ಕು ಗಂಟೆಯ ಕಾರ್ಟೂನು ಶುರುವಾದಾಗ ಅವನಿಗೆ ಎಚ್ಚರವಾಗುತ್ತಿತ್ತು.

ಒಂದು ಶನಿವಾರ ಹಾಗೆ ಎದ್ದು ಕೂತಾಗ ಮಗಳು ಎದುರಿಗೇ ನಿಂತಿದ್ದಳು. ಆರು ವರ್ಷದ ಮೊಮ್ಮಗಳು ಬಂದವಳೇ ಪಕ್ಕದ ಕೋಣೆಯ ಮಂಚದ ಕೆಳಗೆ ನುಸುಳಿದ್ದಳು.

‘ಎಂಟು ದಿನ ಆಯ್ತು, ಒಂದು ಮಾತೂ ಆಡಿಲ್ಲ,’ ಎಂದಳು ಮಗಳು. ‘ಶಾಲೇಲೂ ಇಲ್ಲ, ಮನೇಲೂ ಇಲ್ಲ. ಬರೀ ತಲೆ ಆಡಿಸ್ತಾಳೆ. ಡಾಕ್ಟ್ರು ಗಂಟಲು ನೋಡಿದ್ರು, ಏನೂ ಇಲ್ಲ ಅಂದ್ರು.’

‘ಅಯ್ಯೋ, ಫೋನಲ್ಲಿ ಹೇಳ್ಬಾರ್ದಾ?’ ಎಂದು ಹೆಂಡತಿ ಒಳಗಿನಿಂದ ಬಂದಳು. ‘ಅಳಿಯಂದಿರು ಏನಂತಾರೆ?’

‘ಅವರು ಕೆಲಸದ ಮೇಲೆ ಬೇರೆ ಊರಲ್ಲಿದ್ದಾರಲ್ಲಮ್ಮ.’ ಮಗಳು ಅಪ್ಪನ ಕಡೆ ತಿರುಗಿ ನೆಲ ನೋಡಿದಳು. ‘ನೀವು ಒಂದು ಸಲ ಕೇಳಿ. ಆ ದನೀಲಿ. ಏನಾಗಿದೆ ಅಂತ ತಿಳ್ಕೊಂಡು ನನಗೆ ಹೇಳಿ.’

ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ಅವಳು ಏನೋ ಕೇಳಿದ್ದಳು. ಬಾಗಿಲಣ್ಣನಿಗೆ ಆದ ಸಂತೋಷಕ್ಕೆ ಆ ಮಾತಿನ ಎರಡನೆಯ ಅರ್ಧ ಕಿವಿಗೇ ಬೀಳಲಿಲ್ಲ. ಹೂಂ ಎಂದು ಎದ್ದು, ಅಭ್ಯಾಸಬಲದಿಂದ ಕೈಗಡಿಯಾರ ಬಿಚ್ಚಿಟ್ಟು ಪಕ್ಕದ ಕೋಣೆಗೆ ಹೋದ. ಮಂಚದಿಂದ ನೆಲದವರೆಗೆ ಹೊದಿಕೆ ಇಳಿಬಿದ್ದಿತ್ತು. ಅದರ ಈಚೆಗೆ ಕೂತು ಗದ್ದ ಎತ್ತಿದ.

‘ಅಬ್ಬಬ್ಬಾ, ಇಲ್ಲಿ ಎಷ್ಟೊಂದು ಕತ್ತಲಪ್ಪಾ! ಒಳಗೆ ಯಾರು?’

ಹೊದಿಕೆ ಅಲುಗಿತು. ಕಿಟಕಿಯ ಬಿಸಿಲು ನೆಲದ ಮೇಲೆ ಒಂದು ಗೇಣು ಸರಿಯುವಷ್ಟು ಹೊತ್ತು ಕತ್ತೆ ತನ್ನಷ್ಟಕ್ಕೆ ಹುಲ್ಲು, ಕಿವಿ, ನೊಣ ಎಂದು ಏನೇನೋ ಹರಟಿತು. ಆಮೇಲೆ ಒಳಗಿನಿಂದ ತುಕ್ಕು ಹಿಡಿದ ಹಾಗೆ ಒಂದು ಸಣ್ಣ ದನಿ ಬಂತು.

‘ನೀನು ಜನ ಅಲ್ಲ ತಾನೆ?’

‘ಅಲ್ಲಪ್ಪಾ. ಕತ್ತೆ.’

‘ಅಮ್ಮ ಯಾವ ಜನಕ್ಕೂ ಹೇಳ್ಬೇಡ ಅಂದಿದಾಳೆ.’ ಉಸಿರು ಎಳೆದುಕೊಂಡು ಮಗು ಹೇಳಿತು. ‘ಅಪ್ಪ ಮನೆಗೆ ಬರಲ್ಲ. ಬಟ್ಟೆ ಎಲ್ಲ ತಗೊಂಡು ಹೋಗ್ಬಿಟ್ರು. ಅಮ್ಮ ಸ್ನಾನಕ್ಕೆ ಹೋಗಿ ಅಳ್ತಾಳೆ. ಅಜ್ಜಿ ತಾತಂಗೆ, ಮಿಸ್‌ಗೆ, ಯಾರಿಗೂ ಹೇಳ್ಬಾರ್ದು ಅಂದ್ಳು. ನಾನು ಮಾತಾಡಿದ್ರೆ ಅದೂ ಬಾಯಿಂದ ಬಂದ್ಬಿಡತ್ತೆ ಕಿವಿರಾಯ. ಅದಕ್ಕೆ ಏನೂ ಮಾತಾಡಲ್ಲ.’

ಬಾಗಿಲಣ್ಣ ಕೆನ್ನೆ ಕಚ್ಚಿಕೊಂಡೇ ಇದ್ದ, ಬಾಯಲ್ಲಿ ರಕ್ತದ ರುಚಿ ಬಂತು.

‘ನಾನು ಹೇಳ್ದೆ ಅಂತ ಅಮ್ಮಂಗೆ ಹೇಳ್ತೀಯಾ?’

‘ಇಲ್ಲಪ್ಪಾ,’ ಎಂದಿತು ಕತ್ತೆ.

ಅವನು ನಡುಮನೆಗೆ ಬಂದಾಗ ಮಗಳು ನಿಂತೇ ಇದ್ದಳು. ‘ಮಾತಾಡಿದಳು ಅಲ್ವಾ? ದನಿ ಕೇಳಿಸ್ತು. ಏನಂದಳು?’

‘ಯಾರೂ ಹೊಡೆದಿಲ್ಲ, ಬೈದಿಲ್ಲ. ಮೈಗೆ ಏನೂ ಆಗಿಲ್ಲ. ಹೆದರ್ಬೇಡ.’

‘ಏನಂದಳು ಅಂತ ಕೇಳಿದೆ.’

‘ಅದು ಕತ್ತೆಗೆ ಹೇಳಿದ್ದಮ್ಮ.’

‘ಅಪ್ಪ, ನಾನು ಅವಳ ತಾಯಿ!’

‘ರೀ, ಇದೇನು ನಿಮ್ಮ ಟೀವಿ ಆಟ ಅಂದ್ಕೊಂಡ್ರಾ?’ ಎಂದಳು ಹೆಂಡತಿ. ‘ಹೇಳ್ರಿ ಅಂದ್ರೆ.’

ಅತ್ತ ದರಿ, ಇತ್ತ ಪುಲಿ. ಹೇಳಿದರೆ ಮಗಳು ಇವತ್ತಿಗೆ ಒಲಿಯುತ್ತಾಳೆ, ನಾಳೆಯೂ ಬರುತ್ತಾಳೆ. ಹೇಳದಿದ್ದರೆ ಇಷ್ಟು ವರ್ಷದ ಮೇಲೆ ಚಾಚಿದ ಕೈ ಹಿಂದಕ್ಕೆ ಹೋಗುತ್ತದೆ, ಮತ್ತೆ ಬರುವುದಿಲ್ಲ. ಆದರೆ ಆ ಮಂಚದ ಕೆಳಗೆ ಇನ್ನೊಂದು ಒಂಬತ್ತು ವರ್ಷದ ಹುಡುಗಿ ತಯಾರಾಗುವುದನ್ನು ನೋಡುವ ಶಕ್ತಿ ಅವನಿಗಿರಲಿಲ್ಲ. ಮಗಳು ಅವನ ಮುಖದಲ್ಲಿ ಹುಡುಕಿದಳು, ಏನೂ ಸಿಗಲಿಲ್ಲ.

‘ನಿಮ್ಮನ್ನ ಕೇಳಕ್ಕೆ ನನಗೆಷ್ಟು ಕಷ್ಟ ಆಯ್ತು ಗೊತ್ತಾ?’

‘ಗೊತ್ತು.’

‘ಗೊತ್ತಿದ್ದೂ ಹೇಳಲ್ಲ.’

‘ಹೇಳಲ್ಲ ಮಗಳೇ. ನೀನು ಬೈದ್ರೂ ಹೇಳಲ್ಲ.’

ಅವಳು ಚೀಲ ಹೆಗಲಿಗೆ ಹಾಕಿಕೊಂಡು ಹೊಸ್ತಿಲ ಹತ್ತಿರ ಹೋಗಿ ಒಂದು ಕಾಲಿಗೆ ಚಪ್ಪಲಿ ಮೆಟ್ಟಿದಳು. ಇನ್ನೊಂದು ಮೆಟ್ಟಲಿಲ್ಲ. ಬೆನ್ನು ಮಾಡಿಕೊಂಡೇ ಕೇಳಿದಳು. ‘ಅವತ್ತು ಯಾಕಪ್ಪ ಹೇಳ್ಬಿಟ್ಟೆ?’

ಯಾವತ್ತು ಎಂದು ಅವನು ಕೇಳಲಿಲ್ಲ.

‘ಹೊಟ್ಟೆಕಿಚ್ಚು,’ ಎಂದ.

‘ಯಾರ ಮೇಲೆ?’

‘ಆ ಕತ್ತೆ ಮೇಲೆ. ಎಲ್ಲ ಅದಕ್ಕೇ ಹೇಳ್ತಿದ್ದೆ. ನಾನೂ ಅಲ್ಲೇ ಕೂತಿರ್ತಿದ್ದೆನಲ್ಲ, ನನಗೆ ಒಂದು ಮಾತೂ ಹೇಳ್ತಿರಲಿಲ್ಲ ನೀನು. ಅಪ್ಪಂಗೆ ಹೇಳ್ಬೇಡ ಅಂದೆ. ತಡ್ಕೊಳ್ಳಕ್ಕೆ ಆಗಲಿಲ್ಲ. ತಪ್ಪಾಯ್ತು ಮಗಳೇ. ಅವತ್ತೇ ಹೇಳ್ಬೇಕಿತ್ತು, ನನಗೆ ಬಾಯಿ ಬರಲಿಲ್ಲ.’

ಅವಳಿಗೆ ನಗು ಬಂತೋ ಅಳು ಬಂತೋ, ಒಂದೇ ಚಪ್ಪಲಿಯಲ್ಲಿ ಹೊಸ್ತಿಲ ಮೇಲೆ ಕೂತುಬಿಟ್ಟಳು. ಅವನು ಹೋಗಿ ಪಕ್ಕದಲ್ಲಿ ಕೂತ. ಬೀದಿಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋದರು.

‘ಅಪ್ಪ,’ ಎಂದಳು ಮಗಳು, ‘ಅವರು ಬೇರೆ ಊರಿಗೆ ಹೋಗಿಲ್ಲ. ಇದೇ ಊರಲ್ಲಿದ್ದಾರೆ. ನಮ್ಮನ್ನ ಬಿಟ್ಟು ಹೋದ್ರು. ನಿಮಗೆಲ್ಲ ಹೇಗೆ ಹೇಳೋದು ಅಂತ ಗೊತ್ತಾಗಲಿಲ್ಲ.’

‘ಯಾವಾಗಿಂದ ಮಗಳೇ?’ ಎಂದು ಬಾಗಿಲಣ್ಣ ಮೊದಲ ಸಲ ಕೇಳುವವನ ಹಾಗೆ ಕೇಳಿದ. ಅವಳು ಮೊದಲಿನಿಂದ ಎಲ್ಲ ಹೇಳಿದಳು. ಅವನು ನಡುವೆ ಬಾಯಿ ಹಾಕದೆ ಎಲ್ಲ ಕೇಳಿದ.

ಅವಳು ಸೆರಗಿನಿಂದ ಮುಖ ಒರೆಸಿಕೊಳ್ಳುವಾಗ ಹಿಂದಿನಿಂದ ಸಣ್ಣ ಹೆಜ್ಜೆಗಳು ಬಂದವು. ಮೊಮ್ಮಗಳು ಮೈಯೆಲ್ಲ ಮಂಚದ ಕೆಳಗಿನ ಧೂಳು ಮಾಡಿಕೊಂಡು ನಿಂತಿದ್ದಳು.

‘ನೀನೇ ತಾತಂಗೆ ಹೇಳ್ಬಿಟ್ಟೆಯಲ್ಲಮ್ಮ,’ ಎಂದಳು. ‘ಹಾಗಾದ್ರೆ ಇನ್ನು ನಾನು ಮಾತಾಡಬಹುದಾ?’

ಮಗಳು ಮಗುವನ್ನು ನೋಡಿದಳು. ಆಮೇಲೆ ಅಪ್ಪನನ್ನು ನೋಡಿದಳು. ಅವನಿಗೆ ಎಲ್ಲ ಮೊದಲೇ ಗೊತ್ತಿತ್ತು ಎಂಬುದು ಅವಳಿಗೆ ಆಗ ತಿಳಿಯಿತು.