ಜಮಖಾನದ ಬಿಳಿ ಪಟ್ಟಿ

ನನ್ನ ಅಣ್ಣ ಹೈದರಾಬಾದಿನ ಕಾಲೇಜಿನಲ್ಲಿ ತರ್ಕ ಓದುತ್ತಿದ್ದ. ನಿಜಾಮನ ಕಾಲ. ರಜೆಗೆ ಕೊಪ್ಪಳಕ್ಕೆ ಬಂದರೆ ಆ ತರ್ಕವೆಲ್ಲ ನನ್ನ ತಲೆಯ ಮೇಲೆ. ಮಾತನ್ನು ಚಿತ್ರದಲ್ಲಿ ಹೇಳುವ ವಿದ್ಯೆಯೊಂದನ್ನು ಕಲಿತು ಬಂದಿದ್ದ. ಸಾರಿಸಿದ ಅಂಗಳದಲ್ಲಿ ಎರಡು ಗುರುತುಗಳನ್ನು ರಂಗೋಲಿಯಿಂದ ಪಕ್ಕಪಕ್ಕ ಹಾಕಿದರೆ ‘ಇದೂ ಹೌದು, ಅದೂ ಹೌದು’. ಸುತ್ತ ದುಂಡಗೆ ಗೆರೆ ಎಳೆದರೆ ಒಳಗಿನ ಮಾತಿಗೆ ‘ಅಲ್ಲ’.

ಇಷ್ಟೇ ಆಗಿದ್ದರೆ ನನ್ನಂಥ ದಡ್ಡಿಗೂ ಸಾಕಿತ್ತು. ಆ ಬೇಸಿಗೆಯಲ್ಲಿ ಅವನು ಪಡಸಾಲೆಯ ಜಮಖಾನವನ್ನೇ ಮಗುಚಿ ಹಾಕಿದ.

“ನೋಡವಾ, ನೀಲಿ ಇದ್ದಲ್ಲಿ ಕೆಂಪ ಬಂತು. ಮತ್ತೊಮ್ಮಿ ಮಗುಚಿದ್ರ ಮೊದಲಿನಂಗ ಆತು. ಚಿತ್ರಾನೂ ಹಂಗ. ಕೆಂಪ ಮಗ್ಗಲಾಗ ಓದಿದ್ರ ಪಕ್ಕಪಕ್ಕ ಇದ್ದದ್ದು ‘ಇದು ಇಲ್ಲಾ ಅದು, ಯಾವುದಾದ್ರೂ ಒಂದು’ ಅಂತ ಆಗತೈತಿ.”

“ಮತ್ತ ಅಲ್ಲ ಅನ್ನೋ ಗೆರಿ?”

“ಅದು ಈ ಬಿಳಿ ಪಟ್ಟಿ ಇದ್ದಂಗ. ಎರಡೂ ಮಗ್ಗಲಕ್ಕ ಬಿಳೀನ.”

ಮಗುಚಿದರೂ ಅರ್ಥ ಬದಲಾಗದ ಚಿತ್ರಗಳು ಯಾವುವು ಎಂದು ಹುಡುಕುವುದೇ ಅವನಿಗೆ ಹುಚ್ಚು. ನನಗೆ ತಲೆ ಗಿರ್ರೆನ್ನುತ್ತಿತ್ತು. ಆದರೂ ಆ ಬೇಸಿಗೆಯಿಡೀ ನಾವು ಕೆಂಪು ಮಗ್ಗಲಿನಲ್ಲೇ ಆಡಿದೆವು.

ದೀಪಾವಳಿಗೆ ಅವನು ಮತ್ತೆ ಬಂದಾಗ ಮನೆಗೆ ಎರಡು ಸಂಬಂಧ ಬಂದಿದ್ದವು. ಗಂಗಾವತಿಯ ಗದ್ದೆಯವರದೊಂದು, ಯಲಬುರ್ಗಾದ ಕಚೇರಿ ಗುಮಾಸ್ತನದೊಂದು. ನನಗೆ ಎರಡೂ ಬೇಡವಾಗಿದ್ದವು. ಓದು ಮುಗಿಸಿ ಹೆಣ್ಣುಮಕ್ಕಳ ಸಾಲೆಯಲ್ಲಿ ಪಾಠ ಹೇಳಬೇಕು ಎಂಬ ಆಸೆಯೊಂದೇ ನನ್ನದು. ಆದರೆ ಅಪ್ಪನ ಎದುರು ಮದುವೆಯ ಮಾತಿಗೆ ಹುಡುಗಿ ಬಾಯಿ ತೆರೆಯುವ ರೂಢಿ ನಮ್ಮಲ್ಲಿ ಇರಲಿಲ್ಲ. ಅಪ್ಪ ಅಣ್ಣನಿಗೆ, “ಅಕಿ ಮನಸಿನ್ಯಾಗ ಏನೈತಿ, ನೀನ ತಿಳಕೊಂಡು ಹೇಳು” ಎಂದರು. ಅಣ್ಣನಿಗೂ ಬಾಯಿಬಿಟ್ಟು ಹೇಳಲು ನಾಚಿ, ಮರುದಿನ ಬೆಳಿಗ್ಗೆ ಹೊಸ್ತಿಲ ಮುಂದೆ ಭತ್ತದ ತೆನೆ ಬರೆದೆ, ಪಕ್ಕದಲ್ಲಿ ಗುಮಾಸ್ತನ ಲೇಖನಿ ಬರೆದೆ, ಎರಡನ್ನೂ ಸೇರಿಸಿ ಸುತ್ತ ಒಂದೇ ಗೆರೆ ಎಳೆದೆ. ಅವನೂ ಬೇಡ, ಇವನೂ ಬೇಡ.

ಅಣ್ಣ ನೋಡಿ ನಕ್ಕನಲ್ಲ, ಪುಣ್ಯಾತ್ಮ! ಒಳಗೆ ಹೋಗಿ ಅಪ್ಪನಿಗೆ, “ಎರಡೂ ಕೂಡಿ ಆಗೂದಿಲ್ಲ ಅಂತಾಳ. ಒಂದಾದ್ರ ಅಡ್ಡಿ ಇಲ್ಲ” ಎಂದ. ಅಪ್ಪ ಅಂದೇ ಯಲಬುರ್ಗಾಕ್ಕೆ ಹೇಳಿ ಕಳಿಸಿದರು.

ಹಿತ್ತಲಲ್ಲಿ ಅವನನ್ನು ಹಿಡಿದೆ. “ಯಾವ ಹುಚ್ಚಿ ಇಬ್ಬರನ್ನ ಕಟ್ಟಿಕೊಳ್ತಾಳೋ ಅಣ್ಣಾ? ಅಷ್ಟು ಹೇಳಾಕ ರಂಗೋಲಿ ಬೇಕಾಗಿತ್ತೇನು?”

“ನೀಲಿ ಮಗ್ಗಲಾಗ ಓದಿದ್ರ ‘ಎರಡೂ ಕೂಡಿ ಅಲ್ಲ’ ಅಂತನ ಆಗತೈತಿ, ತಂಗಿ.”

“ನಾ ಕೆಂಪಿನ್ಯಾಗ ಬರದಿದ್ದೆ! ‘ಯಾವುದಾದ್ರೂ ಒಂದು’ ಅನ್ನೋದಕ್ಕನ ‘ಅಲ್ಲ’ ಅಂದಿದ್ದೆ!”

“ರಂಗೋಲ್ಯಾಗ ಬಣ್ಣ ಎಲ್ಲಿತ್ತು? ಇದರಾಗ ನನ್ನ ಗಲತಿ ಏನೈತಿ?”

ಅವನು ಹೇಳಿದ್ದು ಸರಿ. ನಾನು ಬರೆದದ್ದೂ ಸರಿ. ಎರಡೂ ಸರಿಯಿದ್ದ ಮೇಲೆ ನನ್ನ ಬಾಳು ಹೇಗೆ ತಪ್ಪುತ್ತಿದೆ ಎಂದೇ ತಿಳಿಯಲಿಲ್ಲ. ಕೂತರೂ ನಿಂತರೂ ಅದೇ ಗೊಂದಲ. ಊಟ ಸೇರಲಿಲ್ಲ.

ಹೆಣ್ಣು ನೋಡಲು ಬರುವ ದಿನ ಜಮಖಾನ ಹಾಸುತ್ತಿದ್ದಾಗ ಬಿಳಿ ಪಟ್ಟಿ ಕಣ್ಣಿಗೆ ಬಿತ್ತು. ಅಯ್ಯೋ, ಇಷ್ಟೇ ಅಲ್ಲವೇ! ಹೊಸ್ತಿಲ ಮುಂದೆ ಓಡಿದೆ. ಲೇಖನಿಯೊಂದನ್ನೇ ಬರೆದು ಸುತ್ತ ಗೆರೆ ಎಳೆದೆ. ಪಕ್ಕದಲ್ಲಿ ಏನನ್ನೂ ಹಾಕಲಿಲ್ಲ. ನೀಲಿಯಲ್ಲಿ ಓದಲಿ, ಕೆಂಪಿನಲ್ಲಿ ಓದಲಿ, ಯಲಬುರ್ಗಾ ಬೇಡ. ಅಣ್ಣ ಹುಡುಕುತ್ತಿದ್ದಂಥ ಚಿತ್ರವೇ ಅದು; ಇನ್ನು ಅಪ್ಪನಿಗೆ ಬೇರೆ ಅರ್ಥ ಹೇಳಲು ಅವನಿಗೆ ದಾರಿಯಿಲ್ಲ.

ಅವನು ಬಂದು ನೋಡಿದ. ಈ ಸಲ ನಗಲಿಲ್ಲ. ಓಣಿಯ ತುದಿಯಲ್ಲಿ ಯಲಬುರ್ಗಾದವರ ಎತ್ತಿನ ಚಕ್ಕಡಿಯ ಸದ್ದು ಕೇಳಿತು. ತಂಬಿಗೆಯ ನೀರು ಸುರಿದು, ಚಿತ್ರವನ್ನು ಕಾಲಿನಿಂದ ತಿಕ್ಕಿ ಅಳಿಸಿದ.

“ಒಳಗ ಹೋಗಿ ಸೀರಿ ಉಟಗೋ, ತಂಗಿ” ಎಂದ.

ಯಲಬುರ್ಗಾದವರು ಕೆಟ್ಟವರೇನಲ್ಲ. ಸಂಸಾರ ಎಲ್ಲರಂತೆ ನಡೆಯಿತು. ಒಂದು ಮಾತು ಮಾತ್ರ ಇಂದಿಗೂ ಬಗೆಹರಿದಿಲ್ಲ. ಎರಡನೆಯ ಚಿತ್ರ ಅವನಿಗೆ ಸರಿಯಾಗಿಯೇ ತಿಳಿದಿತ್ತು. ಹಾಗಾದರೆ ಮೊದಲನೆಯದು ತಿಳಿದಿರಲಿಲ್ಲವೇ?